ಕೆಳಗಿನಿಂದ ಕತ್ತರಿಸಿದ ಎರಡು ಪ್ಯಾರಾ

ಈ ವರ್ಷ ಜುಲೈ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಬೊರಿವಲಿ ಪಶ್ಚಿಮದ ಒಂದು ನರ್ಸಿಂಗ್ ಹೋಮಿನಲ್ಲಿ, ಎಪ್ಪತ್ತಾರು ವರ್ಷದ ನನ್ನ ಅತ್ತೆ ಅರಿವಳಿಕೆಯ ಡಾಕ್ಟರಿಗೆ ಒಂದು ಇಂಜೆಕ್ಷನ್ ಬೇಡ ಎಂದರು. ಹೊಕ್ಕುಳ ಹತ್ತಿರದ ಹರ್ನಿಯಾಕ್ಕೆ ಅವತ್ತು ಆಪರೇಷನ್ ಇತ್ತು. ಬೆನ್ನಿಗೆ ಕೊಡುವ ಇಂಜೆಕ್ಷನ್ ಬಗ್ಗೆ ಅವರ ತಕರಾರಿರಲಿಲ್ಲ. ಹೊಲಿಗೆ ಹಾಕುವ ಹೊತ್ತಿಗೆ ಗಾಯದ ಎರಡೂ ಅಂಚಿಗೆ ನೋವು ತಿಳಿಯದಂತೆ ಚುಚ್ಚುವ ಮದ್ದೊಂದಿದೆಯಲ್ಲ, ಅದು ಬೇಡ.

“ಕ್ಯೂಂ ನಹೀ, ಆಯಿ?” ಯಾಕೆ ಬೇಡ ಅಮ್ಮ, ಎಂದು ಡಾಕ್ಟರ್ ಕೇಳಿದರು.

“ಘಾವ್ ಸೂಖ್ತಾ ನಹೀ. ಪೇಪರ್ ಮೇ ಆಯಾ ಥಾ.” ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ಯೇ ಮೇರಿ ಬಡೀ ಬಹೂ. ಪೇಪರ್ ಮೇ ಹೈ.”

ಗಾಯ ಒಣಗುವುದಿಲ್ಲ, ಪೇಪರಿನಲ್ಲಿ ಬಂದಿತ್ತು, ದೊಡ್ಡ ಸೊಸೆ ಪೇಪರಿನಲ್ಲಿದ್ದಾಳೆ. ಮೂರರಲ್ಲಿ ಎರಡು ನಿಜ.

ಆ ಕೋಣೆಯಲ್ಲಿ ಸ್ಪಿರಿಟ್, ಒದ್ದೆ ಕೊಡೆ ಮತ್ತು ಕೆಳಗಿನ ಅಂಗಡಿಯಲ್ಲಿ ವಡಾ ಕರಿಯುವ ಎಣ್ಣೆ, ಮೂರೂ ಸೇರಿದ ಒಂದು ವಾಸನೆ ಇತ್ತು. ಏಳು ವರ್ಷದ ಹಿಂದಿನ ಮಳೆಗಾಲದಲ್ಲೂ ಅಲ್ಲಿ ಅದೇ ವಾಸನೆ. ಆಗ ಅದೇ ಮಹಡಿಯ ಒಂದು ಮಂಚದ ಮೇಲೆ ನಾನು ಮಲಗಿದ್ದೆ. ಪಕ್ಕದ ಮಂಚದ ಮೇಲೆ ಪ್ರೇಮ.

ಪ್ರೇಮ ನನ್ನ ಗಂಡನ ತಮ್ಮನ ಹೆಂಡತಿ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕಿತ್ತು. ಫೋರ್ಟ್‌ನ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವಳು ನಾನು. ಮುಖ್ಯವಾದದ್ದು ಮೇಲೆ ಬರಬೇಕು, ಬಿಟ್ಟರೂ ನಡೆಯುವಂಥದ್ದು ಕೆಳಗೆ ಹೋಗಬೇಕು, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾ ಬರಬೇಕು. ಮೊದಲ ದಿನ ನನಗೆ ಕಲಿಸಿದ ಪಾಠ ಇದು. ಹೊಸಬರಿಗೆ ನಾನು ಕಲಿಸಿದ್ದೂ ಇದನ್ನೇ.

ಬೊರಿವಲಿಯ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಎದುರುಬದುರು ಬಾಗಿಲು. ಒಂದು ನಮ್ಮದು, ಒಂದು ಮೈದುನನದು. ಅತ್ತೆ ಮಲಗುವುದು ಪ್ರೇಮಳ ಮನೆಯಲ್ಲಿ. ಅವರದು ಉಡುಪಿ ಕಡೆ, ಪ್ರೇಮಳದೂ ಉಡುಪಿ ಕಡೆ. ನನ್ನದು ಮಂಡ್ಯ. ನಾವು ಇಷ್ಟಪಟ್ಟು ಮದುವೆಯಾದವರು. ಅತ್ತೆ ಬೇಡ ಎನ್ನಲಿಲ್ಲ. ನನ್ನೊಡನೆ ಅವರು ಮೊದಲಿನಿಂದಲೂ ಕನ್ನಡ ಮಾತಾಡಿದರು, ಒಂದೊಂದು ಪದವನ್ನೂ ಪೂರ್ತಿ ಉಚ್ಚರಿಸಿ, ಮನೆಗೆ ಬಂದ ಮೇಡಮ್ಮನ ಎದುರು ಮಾತಾಡುವ ಹಾಗೆ. ಪ್ರೇಮಳೊಡನೆ ತುಳು. ತುಳುವಿನಲ್ಲಿ ಅವಳಿಗೆ ಬೈಯುತ್ತಿದ್ದರು, ಅವಳು ತಿರುಗಿ ಅನ್ನುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ನಾನು ಬಾಗಿಲಲ್ಲಿ ಕಾಣಿಸಿದ ಕೂಡಲೇ ಮಾತು ಕನ್ನಡಕ್ಕೆ ತಿರುಗುತ್ತಿತ್ತು: “ಬಾ ಸುಮಿತ್ರಾ, ಕುಳಿತುಕೋ. ಚಹಾ ಮಾಡುವುದಾ?” ನನಗೆ ಅವರು ಒಂದು ಸಲವೂ ಬೈದದ್ದಿಲ್ಲ.

ಆ ವರ್ಷ ನಮ್ಮಿಬ್ಬರಿಗೂ ಗರ್ಭಕೋಶದಲ್ಲಿ ಗಡ್ಡೆ ಎಂದು ಗೊತ್ತಾಯಿತು. ನನಗೆ ಮಾರ್ಚ್‌ನಲ್ಲಿ, ಪ್ರೇಮಳಿಗೆ ಮೇ ತಿಂಗಳಲ್ಲಿ. ಇಬ್ಬರಿಗೂ ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದರು. ಯಾವಾಗ ಎಂದು ತೀರ್ಮಾನಿಸಿದ್ದು ಅತ್ತೆ. ತುಳುವರ ಆಷಾಢವಾದ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಉಪನಯನ ಇಲ್ಲ, ಗೃಹಪ್ರವೇಶ ಇಲ್ಲ. ಪ್ರೇಮ ಮನೆಯಲ್ಲೇ ಸಮಾರಂಭಗಳಿಗೆ ಅಡುಗೆ, ತಿಂಡಿ ಮಾಡಿಕೊಡುವವಳು. ಆ ತಿಂಗಳು ಅವಳಿಗೆ ಆರ್ಡರ್ ಇರುವುದಿಲ್ಲ. ನನಗೆ ಹೇಗೂ ರಜೆ ಸಿಗುತ್ತದೆ. “ಎರಡೂ ಒಟ್ಟಿಗೇ ಮುಗಿಯಲಿ. ಗಂಜಿ ಒಂದೇ ಪಾತ್ರೆಯಲ್ಲಿ ಬೇಯುತ್ತದೆ,” ಎಂದರು. ಊರಿಗೆ ಫೋನ್ ಮಾಡಿ ಹೇಳಿದ್ದೂ ನನಗೆ ಕೇಳಿಸಿತು: “ಆಟಿಗೆ ಎಲ್ಲರ ಸೊಸೆಯಂದಿರು ತವರಿಗೆ ಹೋಗ್ತಾರೆ. ನಮ್ಮವರು ಆಸ್ಪತ್ರೆಗೆ.”

ಜುಲೈ ಕೊನೆಯ ಸೋಮವಾರ ನನ್ನದು. ಸರ್ಜನ್ ಕೊಯ್ಯುತ್ತಿದ್ದದ್ದು ಸೋಮವಾರ ಮತ್ತು ಗುರುವಾರ ಮಾತ್ರ. ಪ್ರೇಮಳಿಗೆ ಗುರುವಾರ ಕೊಟ್ಟರು. ಸೋಮವಾರ ಬೆಳಿಗ್ಗೆ ಅರಿವಳಿಕೆಯ ಡಾಕ್ಟರ್ (ಈಗ ಅತ್ತೆಯನ್ನು ಕೇಳಿದ ಅದೇ ಮರಾಠಿ ಹೆಂಗಸು, ಆಗ ಕೂದಲು ಇಷ್ಟು ಬಿಳಿಯಿರಲಿಲ್ಲ) ಬಂದು, ಹೊಲಿಗೆ ಹಾಕುವಾಗ ಗಾಯದ ಅಂಚಿಗೆ ನೋವಿನ ಮದ್ದು ಚುಚ್ಚುತ್ತೇನೆ, ಮೊದಲ ದಿನ ಹಾಯಾಗಿರುತ್ತದೆ ಎಂದರು. ನಾನು ಬೇಡ ಎಂದೆ.

“ಯಾಕೆ?” ಎಂದು ಹಿಂದಿಯಲ್ಲಿ ಕೇಳಿದರು.

“ಅದರಿಂದ ಗಾಯ ಮಾಯುವುದು ತಡವಾಗುತ್ತದೆ ಎಂದು ಓದಿದ್ದೇನೆ.”

“ಎಲ್ಲಿ?”

“ಪತ್ರಿಕೆಯಲ್ಲಿ. ನಾನೇ ಬರೆದದ್ದು.”

ಅವರು ನಕ್ಕರು. ಸಾಮಾನ್ಯವಾಗಿ ಕೊಡುವ ಪ್ರಮಾಣದಲ್ಲಿ ಅಂಥದ್ದೇನೂ ತಾವು ನೋಡಿಲ್ಲ, ಆದರೆ ಇಷ್ಟ ನಿಮ್ಮದು ಎಂದರು. ಕಾಗದದ ಮೇಲೆ ಏನೋ ಬರೆದುಕೊಂಡು ಹೋದರು.

ನಾನು ಬರೆದದ್ದು ಎಂದರೆ ಅನುವಾದಿಸಿದ್ದು. ಗುರುವಾರದ ಆರೋಗ್ಯ ಪುಟ ನನ್ನ ಜವಾಬ್ದಾರಿ. ಅದೇ ಏಪ್ರಿಲ್‌ನಲ್ಲಿ ಸುದ್ದಿಸಂಸ್ಥೆಯಿಂದ ಒಂದು ಸಾಮಾನ್ಯ ಬರಹ ಬಂದಿತ್ತು. ಗಾಯಕ್ಕೆ ನೇರವಾಗಿ ಕೊಡುವ ನೋವಿನ ಮದ್ದು ಗಾಯ ಮಾಯುವುದರ ಮೇಲೆ ಏನು ಮಾಡುತ್ತದೆ ಎಂಬುದರ ಬಗ್ಗೆ. ‘ನೋವಿಗೆ ಚುಚ್ಚುಮದ್ದು: ಗಾಯ ಮಾಯಲು ತಡ’ ಎಂದು ತಲೆಬರಹ ಕೊಟ್ಟಿದ್ದೆ. ಮೂರು ತಿಂಗಳ ಮೇಲೆ ನನಗೆ ನೆನಪಿದ್ದದ್ದು ಆ ತಲೆಬರಹ, ಕೆಳಗಿನ ನಾಲ್ಕು ಪ್ಯಾರಾ.

ಅರಿವಳಿಕೆ ಇಳಿದ ಮೇಲಿನ ಸಂಜೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಡ್ರಿಪ್ಪಿನಲ್ಲಿ ನೋವಿನ ಔಷಧಿ ಕೊಟ್ಟರು, ಅದು ನೋವನ್ನು ಸ್ವಲ್ಪ ದೂರ ಸರಿಸಿ ಕೂರಿಸಿತು, ಹೊರಗೆ ಕಳಿಸಲಿಲ್ಲ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕಿತ್ತು. ಮಂಗಳವಾರ ನರ್ಸ್ ಎಬ್ಬಿಸಿದಾಗ ಮೂರು ಹೆಜ್ಜೆ ಇಟ್ಟು ಕೂತೆ. ಇದೆಲ್ಲ ಇರುವುದೇ ಎಂದುಕೊಂಡೆ. ಹೋಲಿಸಿ ನೋಡಲು ಯಾರೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಪ್ರೇಮಳನ್ನು ಸ್ಟ್ರೆಚರಿನಲ್ಲಿ ತಂದು ಪಕ್ಕದ ಮಂಚಕ್ಕೆ ದಾಟಿಸಿದರು. ಸಂಜೆ ಅವಳು ಕಣ್ಣು ಬಿಟ್ಟು ಸೀಲಿಂಗಿನ ಫ್ಯಾನ್ ನೋಡಿ, “ಈ ಫ್ಯಾನಿಗೆ ಒರೆಸುವವರಿಲ್ವಾ?” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕ, ನೀವು ಆ ನೋವಿಂದು ಬೇಡ ಅಂದ್ರಂತೆ? ಡಾಕ್ಟರ್ ಹೇಳಿದ್ರು. ಯಾಕೆ, ಎಂತಾದ್ರೂ ಹರಕೆಯಾ?”

“ನಿನಗೆ ಕೊಟ್ಟರಾ?”

“ಕೊಡ್ಲಾ ಅಂತ ಕೇಳಿದ್ರು. ಕೇಳುದೆಂತ, ಕೊಡಿ ಅಂದೆ.”

ಕಾಲ ಬಳಿ ಕುಳಿತಿದ್ದ ಅತ್ತೆ, “ಅವಳು ಓದಿದವಳು ಮಾರಾಯ್ತಿ. ಓದಿದವರಿಗೆ ನೋವು ಜಾಸ್ತಿ,” ಎಂದರು. ಕನ್ನಡದಲ್ಲೇ ಹೇಳಿದರು, ನನಗೂ ಅರ್ಥವಾಗಲಿ ಎಂದು.

ನನ್ನ ಬಳಿ ಒಂದು ಸಣ್ಣ ನೋಟ್‌ಬುಕ್ ಯಾವಾಗಲೂ ಇರುತ್ತದೆ. ಶುಕ್ರವಾರ ಬೆಳಿಗ್ಗೆ ಅದರಲ್ಲಿ ಬರೆದದ್ದು ಈಗಲೂ ಇದೆ. “7.20. ಪ್ರೇಮ ಎದ್ದು ಕುಳಿತಳು. ಒಂದು ಕೈ ಊರಿ. ಚಹಾ ಕೇಳಿದಳು. 8.05. ಕಿಟಕಿ ತನಕ ನಡೆದಳು, ಅತ್ತೆಯ ಹೆಗಲು ಹಿಡಿದು. ಮಳೆ ನೋಡಿದಳು. ನಾನು: ಐದನೇ ದಿನ. ಬೆನ್ನು ನೆಟ್ಟಗಾಗಿಲ್ಲ.” ಮಧ್ಯಾಹ್ನದ ಹೊತ್ತಿಗೆ ಆ ಮದ್ದಿನ ಅಮಲು ಇಳಿದು ಅವಳಿಗೂ ನೋವು ಶುರುವಾಯಿತು. ಅದನ್ನೂ ಬರೆದುಕೊಂಡಿದ್ದೇನೆ, ಸಮಯ ಸಮೇತ, ಅಡಿಗೆರೆ ಎಳೆದು. ಆದರೆ ಅಷ್ಟರಲ್ಲಿ ಅವಳು ಎದ್ದು ನಡೆದಾಗಿತ್ತು. ಒಮ್ಮೆ ನಡೆದವಳಿಗೆ ಮತ್ತೊಮ್ಮೆ ನಡೆಯುವುದಕ್ಕೆ ಹೆದರಿಕೆ ಇರಲಿಲ್ಲ. ನನಗಿತ್ತು. ಮೊದಲ ದಿನದ ನೋವು ಐದನೇ ದಿನವೂ ನನ್ನ ಕಾಲಿನಲ್ಲಿತ್ತು.

ಶನಿವಾರ ನಾನು ಮನೆಗೆ ಹೋಗಬೇಕಿತ್ತು. ಸ್ವಲ್ಪ ಜ್ವರ ಬಂದು ಒಂದು ದಿನ ಉಳಿಸಿಕೊಂಡರು. ಮೂರು ದಿನ ತಡವಾಗಿ ಬಂದ ಪ್ರೇಮ, ನಾನು, ಭಾನುವಾರ ಒಂದೇ ಕಾರಿನಲ್ಲಿ ಮನೆಗೆ ಹೋದೆವು. ಮೆಟ್ಟಿಲು ಹತ್ತುವಾಗ ಅವಳು ಮುಂದೆ ಇದ್ದಳು.

ಅತ್ತೆ ಪ್ರೇಮಳ ಮನೆಯ ಹಾಲಿನಲ್ಲಿ ಎರಡು ಮಂಚ ಹಾಕಿಸಿದ್ದರು. ಕಿಟಕಿಗೆ ಪ್ಲಾಸ್ಟಿಕ್ ಶೀಟ್ ಕಟ್ಟಿತ್ತು, ಗಾಳಿ ಬಂದಾಗಲೆಲ್ಲ ಅದು ಪಟಪಟ ಬಡಿಯುತ್ತಿತ್ತು. ಹಗ್ಗದ ಮೇಲೆ ಒಣಗದ ಬಟ್ಟೆ, ಅದರ ಕೆಳಗೆ ನಾವು. ಅಣ್ಣ ತಮ್ಮ ಇಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಸಂಜೆ ಒದ್ದೆಯಾಗಿ ಬರುತ್ತಿದ್ದರು. ಹಗಲೆಲ್ಲ ನಾವು ಮೂವರು ಹೆಂಗಸರು.

ಗಂಜಿಯ ಮೊದಲ ಬಟ್ಟಲು ಯಾವಾಗಲೂ ನನಗೆ ಬರುತ್ತಿತ್ತು, ಕೆಳಗೊಂದು ತಟ್ಟೆ, ಪಕ್ಕದಲ್ಲಿ ಚಮಚ, ತಿಮರೆ ಎನ್ನುವ ಒಂದೆಲಗದ ಚಟ್ನಿ ಬೇರೆ ಬಟ್ಟಲಲ್ಲಿ. ಎರಡನೆಯದು ಪ್ರೇಮಳಿಗೆ, ತಟ್ಟೆಯಿಲ್ಲದೆ, ತುಳುವಿನ ಒಂದು ಬೈಗುಳದೊಂದಿಗೆ. ಬಿಸಿ ಎಂದು ಅವಳು ಕೂಗಿದರೆ ಅತ್ತೆ ಅವಳ ಬಟ್ಟಲನ್ನು ತಾವೇ ಊದಿ ಕೊಡುತ್ತಿದ್ದರು. ನಾನು ಆ ಎರಡನೇ ಬಟ್ಟಲನ್ನು ನೋಡುತ್ತಾ ಮೊದಲನೆಯದನ್ನು ಕುಡಿದೆ. ಹಾಗೆ ಎಷ್ಟೋ ದಿನ.

ನೋಡಲು ಬರುವವರು ಬಹಳ. ಬಿಲ್ಡಿಂಗಿನವರು, ಸಂಘದ ಹೆಂಗಸರು, ಪವಾಯಿಯಿಂದ ಬಂದ ಅತ್ತೆಯ ತಂಗಿ. ಜನ ಬರುವ ಹೊತ್ತಿಗೆ ಪ್ರೇಮ ಎದ್ದು ಬಚ್ಚಲಿಗೆ ಹೋಗಿ ಸೀರೆ ಉಟ್ಟು ಬರುತ್ತಿದ್ದಳು. ಅತ್ತೆ ಬೇಡ ಎನ್ನುತ್ತಿದ್ದರು, ಡಾಕ್ಟರೂ ನೈಟಿ ಸಾಕು ಎಂದಿದ್ದರು. “ನೈಟಿಯಲ್ಲಿ ಕೂತ್ರೆ ರೋಗದವಳ ಹಾಗೆ ಕಾಣ್ತದೆ,” ಎನ್ನುತ್ತಿದ್ದಳು. ನಾನು ನೈಟಿಯಲ್ಲಿ ಕೂತಿದ್ದೆ. ಪವಾಯಿಯ ಚಿಕ್ಕತ್ತೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, “ಇವರಲ್ಲಿ ಆಪರೇಷನ್ ಆದವರು ಯಾರು?” ಎಂದರು. ನಗು ಎದ್ದಿತು. ಆಮೇಲೆ ನನ್ನನ್ನು ನೋಡಿ, “ಪಾಪ,” ಎಂದರು.

ಆ ‘ಪಾಪ’ದ ನಂತರ ನಾನು ಕಾಯತೊಡಗಿದೆ. ಯಾವುದಕ್ಕೆ ಎಂದು ಗೊತ್ತಿತ್ತು. ನಾನು ಬರೆದದ್ದು ಸರಿಯಿದ್ದರೆ, ನೋವಿಲ್ಲದವಳ ಗಾಯ ತಡವಾಗಿ ಮಾಯಬೇಕು. ದಿನಾ ಸಂಜೆ ನಾಲ್ಕಕ್ಕೆ ನರ್ಸಿಂಗ್ ಹೋಮಿನಿಂದ ಒಬ್ಬ ಸಿಸ್ಟರ್ ಡ್ರೆಸ್ಸಿಂಗ್ ಬದಲಿಸಲು ಬರುತ್ತಿದ್ದರು. ನನ್ನದಾದ ಮೇಲೆ ಪ್ರೇಮಳದು. ನಾನು ಮುಖ ತಿರುಗಿಸುತ್ತಿರಲಿಲ್ಲ.

ಅವಳ ಎಂಟನೇ ದಿನ ಕಾಣಿಸಿತು. ಹೊಕ್ಕುಳ ಕೆಳಗಿನಿಂದ ನೇರ ಇಳಿದ ಹೊಲಿಗೆಯ ಮೇಲಿನ ತುದಿಯಲ್ಲಿ ಕಡಲೆಬೇಳೆಯಷ್ಟು ಜಾಗ ಕೆಂಪಗೆ. ಬಟ್ಟೆಗೆ ಹಳದಿ ನೀರಿನ ಕಲೆ. ಸಿಸ್ಟರ್ “ಹ್ಞೂಂ” ಎಂದು, ಒರೆಸಿ, ಬೇರೆ ಬಟ್ಟೆ ಹಾಕಿ, ನಾಳೆ ಡಾಕ್ಟರಿಗೆ ತೋರಿಸಿ ಎಂದು ಹೋದರು. ನನ್ನ ಗಾಯ ಆ ಹೊತ್ತಿಗೆ ಒಣಗಿ ಗೆರೆ ಎಳೆದ ಹಾಗಿತ್ತು. ನನಗೆ ಸಂತೋಷವಾಯಿತು. ಇದಕ್ಕೆ ಬೇರೆ ಪದ ಹುಡುಕುವುದಿಲ್ಲ.

“ಅತ್ತೆ,” ಎಂದೆ, “ಆ ಇಂಜೆಕ್ಷನ್ ಕೊಟ್ಟರೆ ಹೀಗೇ ಆಗುವುದು. ಗಾಯ ಬೇಗ ಮಾಯುವುದಿಲ್ಲ. ಅದಕ್ಕೇ ನಾನು ಬೇಡ ಎಂದದ್ದು.”

“ಯಾರು ಹೇಳಿದ್ದು?”

“ಪೇಪರಿನಲ್ಲಿ ಬಂದಿತ್ತು. ನಾನೇ ಹಾಕಿದ್ದೆ.”

ಅತ್ತೆ ಮಂಚದ ಕೆಳಗೆ ಕೈ ಹಾಕಿ ರದ್ದಿಯ ಕಟ್ಟನ್ನು ಎಳೆದರು. ನಮ್ಮ ಪತ್ರಿಕೆಯನ್ನು ಅವರು ಬೇರೆಯೇ ಕಟ್ಟಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಂದೊಂದೇ ಗುರುವಾರ ತಿರುವಿ ಏಪ್ರಿಲ್ ತನಕ ಹೋದರು. ಸಿಕ್ಕಿತು. ಕನ್ನಡಕ ಏರಿಸಿ, ತಲೆಬರಹದಿಂದ ಶುರುಮಾಡಿ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದರು. ಹತ್ತು ಹದಿನೈದು ವರ್ಷದಲ್ಲಿ ನಾನು ಬರೆದದ್ದನ್ನು ಆ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಓದಿ ಮುಗಿಸಿ, ತರಕಾರಿಯ ಚೂರಿಯಿಂದ ಆ ತುಂಡನ್ನು ಕತ್ತರಿಸಿ, ರೇಷನ್ ಕಾರ್ಡ್ ಇಡುವ ಟಿನ್ನಿನ ಡಬ್ಬಿಯಲ್ಲಿ ಇಟ್ಟರು.

“ಕೇಳಿದೆಯಾ?” ಎಂದರು ಪ್ರೇಮಳಿಗೆ. ಅವಳಿಗೂ ಅವತ್ತು ಕನ್ನಡ. “ದೊಡ್ಡವಳಿಗೆ ಗೊತ್ತಿತ್ತು.”

ಪ್ರೇಮ ತನ್ನ ಹೊಟ್ಟೆ ನೋಡಿಕೊಂಡಳು. “ಇನ್ನು ಎಂತ ಆಗ್ತದೆ, ಅಕ್ಕ?” ಎಂದಳು. ನಾನು, “ನೋಡೋಣ,” ಎಂದೆ.

ಮರುದಿನ ನಾವಿಬ್ಬರೂ ರಿಕ್ಷಾದಲ್ಲಿ ಡಾಕ್ಟರ ಬಳಿ ಹೋದೆವು. ನನ್ನ ಹೊಲಿಗೆ ತೆಗೆಯಲು, ಅವಳ ಗಾಯ ತೋರಿಸಲು. ಅತ್ತೆ ಬಂದಿರಲಿಲ್ಲ, ರಸ್ತೆಯಲ್ಲಿ ಮೊಣಕಾಲಷ್ಟು ನೀರು. ಸರ್ಜನ್ ಪ್ರೇಮಳ ಗಾಯವನ್ನು ಒತ್ತಿ ನೋಡಿದರು. ಆಮೇಲೆ ಅವಳ ಸೊಂಟದ ಮೇಲಿದ್ದ ಒಂದು ಅಡ್ಡ ಗೆರೆಯ ಮೇಲೆ ಬೆರಳಾಡಿಸಿದರು.

“ಸೀರೆ ಉಡುತ್ತೀಯಾ?”

ಪ್ರೇಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಲಂಗದ ಲಾಡಿ ಸರಿಯಾಗಿ ಇಲ್ಲೇ ಕಟ್ಟುತ್ತಿದ್ದೀಯ. ಒದ್ದೆ ಲಾಡಿ, ದಿನವಿಡೀ ಉಜ್ಜಿದೆ. ಚರ್ಮ ಸುಲಿದಿದೆ, ಅಷ್ಟೆ. ಒಳಗೆ ಏನೂ ಇಲ್ಲ. ಒಂದು ತಿಂಗಳು ನೈಟಿ.”

ಆ ಇಂಜೆಕ್ಷನ್‌ನಿಂದ ಆದದ್ದೋ ಎಂದು ನಾನು ಕೇಳಿದೆ. ಅಲ್ಲ ಎಂದರು. ಇನ್ನೊಂದು ಸಲ ಕೇಳಿದೆ. ಇನ್ನೊಂದು ಸಲ ಅಲ್ಲ ಎಂದರು.

ಮೆಟ್ಟಿಲು ಇಳಿಯುವಾಗ ಪ್ರೇಮ ನನ್ನ ಕೈ ಹಿಡಿದಳು. “ಅಕ್ಕ, ಲಾಡಿ ವಿಷಯ ಅತ್ತೆಗೆ ಹೇಳ್ಬೇಡಿ. ದಿನಾ ಹೇಳ್ತಿದ್ರು, ಉಡ್ಬೇಡ ಉಡ್ಬೇಡ ಅಂತ. ಗೊತ್ತಾದ್ರೆ ನನ್ನನ್ನು ಉಳಿಸುದಿಲ್ಲ.”

“ಹೇಳುವುದಿಲ್ಲ,” ಎಂದೆ. ಅಷ್ಟು ಸುಲಭವಾಗಿ ನಾನು ಯಾರಿಗೂ ಮಾತು ಕೊಟ್ಟದ್ದಿಲ್ಲ. ಅವಳು ತನ್ನ ತಪ್ಪನ್ನು ಮುಚ್ಚಿಡಲು ಕೇಳಿದಳು. ಮುಚ್ಚಿಟ್ಟರೆ ನನ್ನ ಮಾತು ಉಳಿಯುತ್ತಿತ್ತು. ಮನೆಗೆ ಬಂದಾಗ ಅತ್ತೆ, “ಡಾಕ್ಟರ್ ಎಂತ ಹೇಳಿದ್ರು?” ಎಂದು ಕೇಳಿದ್ದು ನನ್ನನ್ನು, ಪ್ರೇಮಳನ್ನಲ್ಲ. “ಸ್ವಲ್ಪ ತಡವಾಗುತ್ತದೆಯಂತೆ. ಹೆದರುವುದೇನಿಲ್ಲವಂತೆ,” ಎಂದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಕೆಳಗಿನದನ್ನು ಬಿಟ್ಟಿದ್ದೆ.

ಗಾಯ ಹತ್ತು ದಿನದಲ್ಲಿ ಒಣಗಿತು. ಆದರೆ ಅತ್ತೆಗೆ ಅದು ಇಂಜೆಕ್ಷನ್ ಕೊಟ್ಟ ಗಾಯ. ಮೇಲೆ ಒಣಗಿದರೂ ಒಳಗೆ ಹಸಿ ಇರುತ್ತದೆ ಎಂದು ಅವರ ಲೆಕ್ಕ. ಪ್ರೇಮ ಪಾತ್ರೆ ಎತ್ತಬಾರದು, ಒಲೆ ಮುಂದೆ ನಿಲ್ಲಬಾರದು. ಶ್ರಾವಣ ಹೋಯಿತು, ಚೌತಿ ಬಂತು. ಆ ವರ್ಷದ ಚೌತಿಗೆ ಅವಳು ಒಪ್ಪಿಕೊಂಡಿದ್ದ ಚಕ್ಕುಲಿ, ಮೋದಕಗಳ ಆರ್ಡರನ್ನೆಲ್ಲ ಅತ್ತೆ ತಾವೇ ಫೋನ್ ಮಾಡಿ ಬೇಡ ಎಂದರು. ಒಬ್ಬೊಬ್ಬರಿಗೂ ಕಾರಣ ಹೇಳಿದರು, ಪೇಪರಿನ ಹೆಸರಿನೊಂದಿಗೆ. ಫೋನಿನ ಆಚೆ ಯಾರಾದರೂ ಹೌದಾ ಎಂದು ಕೇಳಿದರೆ, “ನಮ್ಮ ದೊಡ್ಡ ಸೊಸೆಯೇ ಬರೆದದ್ದು,” ಎನ್ನುತ್ತಿದ್ದರು. ಪ್ರೇಮ ಸೋಫಾದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ನಾನೂ ಕೇಳಿಸಿಕೊಂಡೆ. ಆ ನಾಲ್ಕು ವಾರ ನಾನು ಆ ಮನೆಯಲ್ಲಿ ಪ್ರೇಮಳಿಗಿಂತ ಮುಂದಿದ್ದೆ.

ಸೆಪ್ಟೆಂಬರ್ ನಡುವೆ ಕೆಲಸಕ್ಕೆ ಹೋದೆ. ಮೊದಲ ದಿನವೇ ಏಪ್ರಿಲ್‌ನ ಫೈಲ್ ತೆಗೆದೆ. ಸುದ್ದಿಸಂಸ್ಥೆಯ ಮೂಲ ಪ್ರತಿ ಅಲ್ಲೇ ಇತ್ತು. ಆರು ಪ್ಯಾರಾ. ಕೊನೆಯ ಎರಡರ ಮೇಲೆ ನನ್ನದೇ ಪೆನ್ನಿನ ಅಡ್ಡಗೆರೆ, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಜಾಹೀರಾತು’ ಎಂದು. ಐದನೆಯದರಲ್ಲಿತ್ತು: ತಡವಾಗುವುದು ಕಂಡದ್ದು ಪ್ರಯೋಗಾಲಯದ ಜೀವಕೋಶಗಳಲ್ಲಿ ಮತ್ತು ಪ್ರಾಣಿಗಳಲ್ಲಿ, ಅಲ್ಲೂ ಎಲ್ಲ ಕಡೆ ಅಲ್ಲ, ಮನುಷ್ಯರ ಗಾಯದಲ್ಲಿ ಅಂಥ ವ್ಯತ್ಯಾಸ ಸ್ಪಷ್ಟವಾಗಿ ಕಂಡಿಲ್ಲ. ಆರನೆಯದರಲ್ಲಿ: ತಡೆಯದೆ ಬಿಟ್ಟ ನೋವೇ ಚೇತರಿಕೆಯನ್ನು ತಡಮಾಡಬಹುದು.

ಅದನ್ನು ಹಿಡಿದುಕೊಂಡು ಮುಖ್ಯ ಉಪಸಂಪಾದಕರ ಮೇಜಿಗೆ ಹೋದೆ. ಅವರು ಎರಡೂ ಪ್ಯಾರಾ ಓದಿದರು.

“ಯಾರಾದರೂ ಕಾಗದ ಬರೆದಿದ್ದಾರಾ?”

“ಇಲ್ಲ.”

“ಫೋನು?”

“ಇಲ್ಲ.”

“ಮತ್ತೆ ತಿದ್ದುಪಡಿ ಯಾರಿಗೆ ಹಾಕುತ್ತೀರಿ, ಸುಮಿತ್ರಾ?”

ಯಾರಿಗೆ ಎಂದು ನನಗೆ ಗೊತ್ತಿತ್ತು. ಫೈಲನ್ನು ಜಾಗದಲ್ಲಿಟ್ಟೆ. ಕೆಳಗಿಳಿದು ಪಕ್ಕದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದೆ. ಸಂಜೆ ಚರ್ಚ್‌ಗೇಟ್‌ನಿಂದ ಬೊರಿವಲಿ ಲೋಕಲ್ ಹಿಡಿದು ಮನೆಗೆ ಬಂದೆ. ಹೇಳಲಿಲ್ಲ. ಏಳು ವರ್ಷ ಹೇಳಲಿಲ್ಲ. ಅತ್ತೆಯೂ ಪ್ರೇಮಳೂ ಕ್ರಮೇಣ ತುಳುವಿಗೆ ಮರಳಿದರು, ಬೈಗುಳ ಮರಳಿತು, ನಗು ಮರಳಿತು. ಬಾಗಿಲಾಚೆ ನಿಂತು ಕೇಳಿ ಕೇಳಿ ನನಗೆ ತುಳು ಪೂರ್ತಿ ಅರ್ಥವಾಗತೊಡಗಿತು. ಯಾರಿಗೂ ಅದನ್ನೂ ಹೇಳಲಿಲ್ಲ.

ಈ ಜುಲೈ ಸೋಮವಾರಕ್ಕೆ ಬರುತ್ತೇನೆ.

ಅತ್ತೆ ತಮ್ಮ ಪರ್ಸಿನಿಂದ ಮಡಿಸಿದ ಒಂದು ಕಾಗದ ತೆಗೆದು ಡಾಕ್ಟರಿಗೆ ಕೊಟ್ಟರು. ಟಿನ್ನಿನ ಡಬ್ಬಿಯಲ್ಲಿದ್ದ ತುಂಡು. ಮಡಿಕೆಯಲ್ಲಿ ಹರಿದು ಸೆಲ್ಲೋಟೇಪ್ ಹಚ್ಚಿತ್ತು. ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಅವರು ಅದನ್ನು ತಿರುಗಿಸಿ ನೋಡಿ ನನಗೆ ಕೊಟ್ಟರು.

“ಬೇಡ ಅಂದರೆ ಬಿಡುತ್ತೇನೆ, ಬೇರೆ ಔಷಧಿ ಕೊಡುತ್ತೇನೆ,” ಎಂದು ನನಗೆ ಹಿಂದಿಯಲ್ಲಿ ಹೇಳಿದರು. “ಆದರೆ ಇವರ ವಯಸ್ಸು ನೋಡಿ. ನೋವಾದರೆ ದೀರ್ಘ ಉಸಿರು ಎಳೆಯುವುದಿಲ್ಲ, ಕೆಮ್ಮುವುದಿಲ್ಲ, ಎದ್ದು ನಡೆಯುವುದಿಲ್ಲ. ಎದೆಯಲ್ಲಿ ಕಫ ಕಟ್ಟಿದರೆ ನನಗೆ ಹೆದರಿಕೆ. ಹದಿನೈದು ನಿಮಿಷ ಇದೆ. ಮಾತಾಡಿ.”

ಅವರು ಹೋದರು. ಕೋಣೆಯಲ್ಲಿ ನಾವು ಮೂವರೇ. ಪ್ರೇಮ ಅತ್ತೆಯ ಬಳೆ, ಚಪ್ಪಲಿ ಹಾಕಿಟ್ಟ ಚೀಲ ಹಿಡಿದು ನಿಂತಿದ್ದಳು.

“ತೆಗೊಳ್ಳಿ ಅತ್ತೆ, ಒಳ್ಳೇದಾಗ್ತದೆ,” ಎಂದಳು ಅವಳು.

“ನೀನು ಸುಮ್ಮನಿರು. ನಿನ್ನದು ನೋಡಿದ್ದೇನೆ. ಇವಳು ಹೇಳಿದ ಮೇಲೆ ಮುಗಿಯಿತು.” ಇವಳು ಎಂದರೆ ನಾನು.

ಆ ಮಾತನ್ನು ಇನ್ನೊಂದು ನಿಮಿಷ ಇಟ್ಟುಕೊಳ್ಳಬೇಕು ಅನ್ನಿಸಿತು. ಇಟ್ಟುಕೊಂಡೆ ಕೂಡ. ಗೋಡೆಯ ಗಡಿಯಾರ ನೋಡಿದ್ದರಿಂದ ಗೊತ್ತು: ಒಂಬತ್ತು ನಲವತ್ತರಿಂದ ನಲವತ್ತೊಂದು.

“ಅತ್ತೆ, ಇದು ಪೂರ್ತಿ ಅಲ್ಲ,” ಎಂದೆ. “ಕೆಳಗೆ ಇನ್ನೂ ಎರಡು ಪ್ಯಾರಾ ಇತ್ತು. ಮನುಷ್ಯರಿಗೆ ಹಾಗೇನೂ ಆದದ್ದು ಕಂಡಿಲ್ಲ ಅಂತ ಅದರಲ್ಲಿತ್ತು. ನಾನು ಕತ್ತರಿಸಿದ್ದೆ.”

“ಯಾಕೆ?”

“ಜಾಗ ಇರಲಿಲ್ಲ. ಜಾಹೀರಾತು ಬಂತು.”

“ಎಂತದ್ದು?”

“ಕೊಡೆಯದ್ದು.”

“ಕೊಡೆಗೆ ಜಾಗ ಉಂಟು, ಗಾಯಕ್ಕಿಲ್ಲ,” ಎಂದರು ಅತ್ತೆ. ಕನ್ನಡಕ ತೆಗೆದರು. “ನಿನಗೆ ಯಾವಾಗ ಗೊತ್ತಾದ್ದು?”

“ಆ ವರ್ಷವೇ. ಚೌತಿ ಕಳೆದು.”

“ಏಳು ವರ್ಷ.”

“ಹೌದು.”

ಆಗ ಪ್ರೇಮ ಚೀಲ ಕೆಳಗಿಟ್ಟಳು. “ಅತ್ತೆ, ನನ್ನ ಗಾಯ ಕೆಂಪಾದ್ದು ಲಾಡಿಯಿಂದ. ಡಾಕ್ಟರ್ ಅವತ್ತೇ ಹೇಳಿದ್ರು. ನಾನೇ ಅಕ್ಕನಿಗೆ ಹೇಳ್ಬೇಡಿ ಅಂದದ್ದು. ಅಕ್ಕ ಮಾತು ಉಳಿಸಿಕೊಂಡ್ರು.”

ನನ್ನನ್ನು ಕಾಪಾಡಲು ಹೇಳಿದ ಮಾತು ಅದು. ಆ ಕ್ಷಣದಲ್ಲೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು: ಅಷ್ಟು ಸಲೀಸಾಗಿ, ಹರಿಯುವ ನೀರಿನ ಹಾಗೆ, ಹೇಳಿಬಿಟ್ಟಳಲ್ಲ.

“ಅದಕ್ಕಲ್ಲ,” ಎಂದೆ. “ನನ್ನ ಮಾತು ನಿಲ್ಲಲಿ ಅಂತ ಸುಮ್ಮನಿದ್ದೆ. ಇವಳಿಗಾಗಿ ಅಲ್ಲ.”

ಅತ್ತೆ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ನನ್ನನ್ನು ಬೈದರು. ತುಳುವಿನಲ್ಲಿ. ದೊಡ್ಡ ಸ್ವರದಲ್ಲಿ, ನಿಲ್ಲಿಸದೆ: ಪುಟ ತುಂಬಿಸಲು ಗೊತ್ತು, ಬಾಯಿ ಬಿಡಲು ಗೊತ್ತಿಲ್ಲ, ಒಬ್ಬಳು ಸೀರೆಯ ಜಂಬದವಳು, ಒಬ್ಬಳು ಅಕ್ಷರದ ಜಂಬದವಳು, ಆ ವರ್ಷದ ಚಕ್ಕುಲಿ ಯಾರ ಹೊಟ್ಟೆಗೂ ಹೋಗಲಿಲ್ಲ, ತನ್ನ ಮಾನ ಎಷ್ಟು ಮನೆಯ ಫೋನಿನಲ್ಲಿ ಹೋಯಿತು. ನರ್ಸ್ ಬಾಗಿಲಲ್ಲಿ ಇಣುಕಿ ನೋಡಿ ಹೋದಳು. ನಡುವೆ ಅತ್ತೆ ತಟ್ಟನೆ ನಿಲ್ಲಿಸಿ, “ಇವಳಿಗೆ ಅರ್ಥ ಆಗ್ತದಾ?” ಎಂದು ಪ್ರೇಮಳನ್ನು ಕೇಳಿದರು.

“ಆಗುತ್ತದೆ,” ಎಂದೆ ನಾನು.

ಹತ್ತು ಗಂಟೆಗೆ ಡಾಕ್ಟರ್ ಮತ್ತೆ ಬಂದರು. ಅತ್ತೆ ಅವರಿಗೆ, “ದೇ ದೋ,” ಎಂದರು. ಕೊಡಿ. ತುಂಡು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಪರ್ಸಿಗೆ ಹಾಕಿಕೊಂಡರು.

ಆಪರೇಷನ್ ಒಂದೂಕಾಲು ಗಂಟೆ ನಡೆಯಿತು. ಅವತ್ತು ಸಂಜೆ ಅತ್ತೆ ಕೆಮ್ಮಿದರು, ದಿಂಬು ಒತ್ತಿಕೊಂಡು. ಮಂಗಳವಾರ ಬೆಳಿಗ್ಗೆ ಏಳು ಹತ್ತಕ್ಕೆ ಎದ್ದು ಕಿಟಕಿಯ ತನಕ ನಡೆದರು. ಮಧ್ಯಾಹ್ನದಿಂದ ಎರಡು ದಿನ ನೋವಿತ್ತು, ಮಾತ್ರೆ ತೆಗೆದುಕೊಂಡರು. ಸೀರೆ ಉಡಲಿಲ್ಲ. ನೋಡಲು ಬಂದವರಿಗೆಲ್ಲ, ಪವಾಯಿಯ ತಂಗಿಗೂ, ಲಾಡಿಯ ಕಥೆ ಹೇಳಿದರು. ನನ್ನ ಕಥೆಯನ್ನೂ ಹೇಳಿದರು, ಕೊಡೆಯ ಜಾಹೀರಾತಿನ ಸಮೇತ. ಪ್ರತಿ ಸಲವೂ ಪೂರ್ತಿ.

ನಂತರದ ವಾರ ಆರೋಗ್ಯ ಪುಟದ ಕೆಳಗೆ ಬಿಟ್ಟುಹೋದ ಎರಡು ಪ್ಯಾರಾ ಪ್ರಕಟವಾದವು. ಪುಟ ಈಗಲೂ ನನ್ನದೇ. ಇಷ್ಟು ವರ್ಷದ ಮೇಲೆ ಯಾಕೆ ಎಂದು ಒಬ್ಬ ಓದುಗರು ಫೋನ್ ಮಾಡಿ ಕೇಳಿದರು.

ಹನ್ನೊಂದನೇ ದಿನ, ಗುರುವಾರ, ಅತ್ತೆಯ ಹೊಲಿಗೆ ತೆಗೆದರು. ಗಾಯ ಒಣಗಿತ್ತು. ಕೆಳಗೆ ರಿಕ್ಷಾ ಹತ್ತುವಾಗ ಅವರು ಪ್ರೇಮಳ ಹೆಗಲು ಹಿಡಿದರು. ಚೀಲವನ್ನು ನನ್ನ ಕೈಗೆ ಕೊಟ್ಟು, ಬೇಗ ಹತ್ತು, ಮಳೆ ಬಂತು ಎಂದು ತುಳುವಿನಲ್ಲಿ ಹೇಳಿದರು.